ರಾಣಿಯ ಉಡುಪಿನ ರೇಖಾಚಿತ್ರ ಮತ್ತು ಅಮ್ಮನ ಅಳತೆ ಪುಸ್ತಕ

ಆಷಾಢದಲ್ಲಿ ನಮ್ಮ ಕಡೆ ಮದುವೆಗಳು ನಡೆಯುವುದಿಲ್ಲವಾದ್ದರಿಂದ ಅಮ್ಮನ ಹೊಲಿಗೆ ಅಂಗಡಿಯಲ್ಲಿ ರವಿಕೆಗಳ ರಾಶಿ ಕರಗಿ, ಮಧ್ಯಾಹ್ನದ ಹೊತ್ತಿಗೆ ಮಿಷನ್ನಿನ ಸದ್ದು ನಿಂತುಬಿಡುತ್ತದೆ. ಅಂಥ ಒಂದು ಮಧ್ಯಾಹ್ನ, ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ರೇಷ್ಮೆ ಗೂಡು ಬೇಯಿಸುವ ವಾಸನೆ ಎಂದಿನಂತೆ ತುಂಬಿಕೊಂಡಿದ್ದಾಗ, ನಾನು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಒಂದು ರೇಖಾಚಿತ್ರವನ್ನು ಬಹಳ ಹೊತ್ತು ನೋಡಿದೆ. ಅದು ಎರಡನೇ ಎಲಿಜಬೆತ್ ರಾಣಿಯ ಕಿರೀಟಧಾರಣೆಗಾಗಿ ಇಂಗ್ಲೆಂಡಿನ ವಸ್ತ್ರವಿನ್ಯಾಸಕ ನಾರ್ಮನ್ ಹಾರ್ಟ್ನೆಲ್ ಬರೆದ ಉಡುಪಿನ ಚಿತ್ರ. ಆ ಸಮಾರಂಭ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದದ್ದು 1953ರ ಜೂನ್ 2ರಂದು. ಚಿತ್ರ ಈಗ ಬ್ರಿಟನ್ನಿನ ರಾಜಮನೆತನದ ಕಲಾಸಂಗ್ರಹವಾದ ರಾಯಲ್ ಕಲೆಕ್ಷನ್‌ನಲ್ಲಿದೆ, ಅದನ್ನು ನೋಡಿ ಹೊಲಿದ ಉಡುಪೂ ಅಲ್ಲಿಯೇ ಇದೆ.

ನೆಟ್ಟಗೆ ನಿಂತ ತೆಳ್ಳನೆಯ ಹೆಣ್ಣು, ಹೃದಯದ ಆಕಾರಕ್ಕೆ ಇಳಿದ ಕತ್ತು, ಗಿಡ್ಡ ತೋಳು, ಸೊಂಟದವರೆಗೆ ಮೈಗೆ ಅಂಟಿಕೊಂಡು ಅಲ್ಲಿಂದ ಗಂಟೆಯ ಹಾಗೆ ಅರಳಿದ ಲಂಗ, ಲಂಗದ ಸುತ್ತಲೂ ಅಲೆಅಲೆಯಾದ ಅಂಚಿನ ಕಸೂತಿಯ ಪಟ್ಟಿಗಳು. ಅಮ್ಮನಿಗೆ ತೋರಿಸಿದೆ. ಅವಳು ಹಣೆಗೇರಿಸಿದ್ದ ಕನ್ನಡಕವನ್ನು ಕೆಳಗಿಳಿಸಿ, ಮೊಬೈಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ದೂರ ಮಾಡಿ ನೋಡಿದಳು. ರಾಣಿ ಯಾರು, ಚಿತ್ರ ಯಾವ ಕಾಲದ್ದು ಎಂದೇನೂ ಕೇಳಲಿಲ್ಲ.

“ಇಷ್ಟು ಭಾರದ ಕೆಲಸ ಹೊತ್ತುಕೊಂಡು ಲಂಗ ಇಳಿಬೀಳದೆ ಹೀಗೆ ನಿಂತಿದೆ ಅಂದರೆ ಒಳಗೆ ಏನೋ ಕೊಟ್ಟಿದ್ದಾರೆ ಕಣೇ. ಬರೀ ಲೈನಿಂಗ್ ಸಾಲದು ಇದಕ್ಕೆ” ಎಂದಳು.

ಹುಡುಕಿ ನೋಡಿದಾಗ ಅವಳು ಹೇಳಿದ್ದು ನಿಜವಾಗಿತ್ತು. ಆ ಬಿಳಿಯ ಸ್ಯಾಟಿನ್ ಲಂಗಕ್ಕೆ ಒಳಗಿನಿಂದ ಟಫೆಟಾ ಬಟ್ಟೆಯ ಒಳಪದರ ಕೊಟ್ಟು, ಅದರ ಅಡಿಯಲ್ಲಿ ಕುದುರೆಯ ಕೂದಲು ಸೇರಿಸಿ ನೇಯ್ದ ಬಿರುಸಾದ ಬಟ್ಟೆಯನ್ನು ಆಧಾರವಾಗಿ ನಿಲ್ಲಿಸಿದ್ದರು. ಇಂದು ನಮ್ಮ ಅಂಗಡಿಯಲ್ಲಿ ಹೆಣ್ಣುಮಕ್ಕಳ ಗೌನಿಗೂ ಲೆಹೆಂಗಾಕ್ಕೂ ಒಳಗೆ ಹಾಕುವ ಕ್ಯಾನ್‌ಕ್ಯಾನ್ ನೆಟ್ಟು ಮಾಡುವ ಕೆಲಸವನ್ನೇ ಅಂದು ಕುದುರೆಯ ಕೂದಲು ಮಾಡಿತ್ತು. ಚಿತ್ರದಲ್ಲಿ ಎಲ್ಲಿಯೂ ಬರೆಯದಿರುವ ಒಳಪದರವನ್ನು ಅಮ್ಮ ಒಂದೇ ನೋಟಕ್ಕೆ ಕಂಡಿದ್ದಳು. ಇದನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ಕ್ಷಣದಲ್ಲಿ.

ವಸ್ತ್ರವಿನ್ಯಾಸಕರ ರೇಖಾಚಿತ್ರಗಳನ್ನು ವಸ್ತುಸಂಗ್ರಹಾಲಯಗಳು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದರಿಂದ ನಾವು ಅವುಗಳನ್ನು ಚಿತ್ರಕಲೆಯೆಂದೇ ನೋಡುತ್ತೇವೆ. ನನ್ನ ಮಟ್ಟಿಗೆ ಅದು ಕಾಗದ. ನಮ್ಮ ಅಜ್ಜ ಅಜ್ಜಿಯರು ‘ಊರಿನಿಂದ ಕಾಗದ ಬಂತು’ ಎನ್ನುತ್ತಿದ್ದರಲ್ಲ, ಆ ಅರ್ಥದ ಕಾಗದ. ಬರೆದವನು ಒಬ್ಬ, ಓದಿಕೊಳ್ಳಬೇಕಾದವರು ಕತ್ತರಿ ಹಿಡಿದವರು, ಸೂಜಿ ಹಿಡಿದವರು, ಮಣಿ ಪೋಣಿಸುವವರು. ಅವರಿಗೆ ಗೊತ್ತಿರುವುದನ್ನು ಬರೆಯಬೇಕಾಗಿಲ್ಲ, ಹಾಗಾಗಿ ಬರೆದಿರುವುದಿಲ್ಲ. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಹೆಣ್ಣಿನ ಎತ್ತರ ಅವಳ ತಲೆಯ ಒಂಬತ್ತು ಪಟ್ಟು ಇರುತ್ತದೆ, ನಿಜವಾದ ಮನುಷ್ಯರ ಎತ್ತರವಾದರೋ ಏಳು, ಏಳೂವರೆ ತಲೆಯಷ್ಟೇ. ಕಾಲನ್ನು ಉದ್ದ ಮಾಡಿ ಸೊಂಟವನ್ನು ಹಿಡಿಯಷ್ಟಾಗಿಸಿ ಬರೆದ ಈ ಸುಳ್ಳು ಮೈಯನ್ನು, ಇಂಚುಟೇಪಿನಲ್ಲಿ ಅಳೆದ ದಿಟವಾದ ಮೈಗೆ ಇಳಿಸುವುದು ಕಟಿಂಗ್ ಮಾಡುವವರ ಕೆಲಸ. ಗಿರಾಕಿಗಳು ಸಿನಿಮಾ ನಟಿಯ ಫೋಟೋ ತಂದು ‘ಹೀಗೇ ಬೇಕು ಅಕ್ಕಾ’ ಎಂದಾಗ ಅಮ್ಮ ಮಾಡುವುದೂ ಅದನ್ನೇ. ಅವಳು ಫೋಟೋವನ್ನು ಒಂದು ಸಲ ನೋಡುತ್ತಾಳೆ, ಆಮೇಲೆ ಎದುರಿಗೆ ನಿಂತವಳ ಭುಜವನ್ನು ಬಹಳ ಹೊತ್ತು ನೋಡುತ್ತಾಳೆ.

ಹಾರ್ಟ್ನೆಲ್ ಹುಟ್ಟಿದ್ದು 1901ರಲ್ಲಿ, ಲಂಡನ್ನಿನ ಸ್ಟ್ರೆಟಮ್‌ನಲ್ಲಿ. ಕೇಂಬ್ರಿಜ್‌ನಲ್ಲಿ ಓದಲು ಸೇರಿ, ಅಲ್ಲಿ ನಾಟಕಗಳಿಗೆ ಉಡುಪು ಬರೆಯುತ್ತ ಪದವಿ ಮುಗಿಸದೆ ಹೊರಬಂದು, 1923ರಲ್ಲಿ ಸ್ವಂತ ಮಳಿಗೆ ತೆರೆದವರು. ಮುಂದೆ ಬ್ರೂಟನ್ ಬೀದಿಯ 26ನೇ ನಂಬರಿನ ಕಟ್ಟಡ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅವರ ಮಳಿಗೆಯ ಹೆಚ್ಚುಗಾರಿಕೆ ಕಸೂತಿ. ಹೊರಗೆ ಕೊಟ್ಟು ಮಾಡಿಸದೆ, ತಮ್ಮದೇ ಕಸೂತಿ ಕೋಣೆಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿ ಮಾಡಿಸುತ್ತಿದ್ದರು. 1977ರಲ್ಲಿ ಅವರಿಗೆ ಸರ್ ಪದವಿ ಬಂತು, 1979ರಲ್ಲಿ ತೀರಿಕೊಂಡರು. ಇವಿಷ್ಟು ಸಾಕು, ಏಕೆಂದರೆ ಅವರ ಬದುಕಿಗಿಂತ ಅವರು ಈ ಒಂದು ಚಿತ್ರಕ್ಕೆ ಬಂದು ಮುಟ್ಟಿದ ದಾರಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

1952ರ ಅಕ್ಟೋಬರಿನಲ್ಲಿ ರಾಣಿಯ ಅಪ್ಪಣೆ ಬಂದ ಮೇಲೆ ಅವರು ಬರೆದದ್ದು ಒಂದು ಚಿತ್ರವನ್ನಲ್ಲ. ಸರಳವಾದ ಒಂದರಿಂದ ಶುರುಮಾಡಿ, ಒಂದಾದ ಮೇಲೊಂದು ಬರೆಯುತ್ತ ಹೋದರು. ಕೊನೆಕೊನೆಗೆ ಬರೆದ ಒಂದರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಲಾಂಛನದ ಹೂಗಿಡಗಳನ್ನು ಕಸೂತಿಯಾಗಿ ತಂದಿದ್ದರು, ರಾಣಿಗೆ ಹಿಡಿಸಿದ್ದು ಅದು. ಆದರೆ ರಾಣಿ ಎರಡು ಮಾತು ಸೇರಿಸಿದರು. ಬರೀ ಬಿಳಿ, ಬೆಳ್ಳಿ ಬಣ್ಣದಲ್ಲೇ ಮಾಡಿದರೆ ತಮ್ಮ ಮದುವೆಯ ಉಡುಪಿನಂತೆಯೇ ಆದೀತು, ಆದ್ದರಿಂದ ಕಸೂತಿಗೆ ಬಣ್ಣ ಬರಲಿ ಎಂಬುದು ಒಂದು. ಬ್ರಿಟನ್ನಿನ ನಾಲ್ಕು ನಾಡುಗಳ ಜೊತೆಗೆ ಕಾಮನ್‌ವೆಲ್ತ್‌ನ ಉಳಿದ ದೇಶಗಳ ಗುರುತುಗಳೂ ಇರಲಿ ಎಂಬುದು ಇನ್ನೊಂದು. ಮುಂದಿನ ಚಿತ್ರದಲ್ಲಿ ಬಣ್ಣವೂ ಬಂತು, ದೇಶಗಳೂ ಬಂದವು.

ನನಗೆ ಹೊಲಿದು ಮುಗಿದ ಉಡುಪಿಗಿಂತ ಈ ಚಿತ್ರವೇ ಮೇಲೆಂದು ಅನ್ನಿಸುವುದು ಇದರಿಂದಲೇ. ಉಡುಪಿನಲ್ಲಿ ಎಲ್ಲವೂ ಮೊದಲಿನಿಂದಲೂ ಹಾಗೆಯೇ ಇರಬೇಕಾಗಿತ್ತೇನೋ ಎಂಬಂತೆ ಕೂತಿರುತ್ತದೆ. ಚಿತ್ರದಲ್ಲಿ ಮಾತ್ರ, ಬಿಳಿಯಾಗಿಯೇ ಉಳಿಯಬಹುದಾಗಿದ್ದ ಕಡೆ ಬಣ್ಣ ಬರಲಿ ಎಂದು ಕೈ ನಿರ್ಧರಿಸಿದ್ದು ಕಾಣುತ್ತದೆ.

ವೇಲ್ಸಿನ ಗುರುತಿನ ಪ್ರಸಂಗವನ್ನು ಹೇಳಲೇಬೇಕು. ಹಾರ್ಟ್ನೆಲ್ ಅದಕ್ಕೆ ಡ್ಯಾಫೊಡಿಲ್ ಎಂಬ ಚೆಲುವಾದ ಹಳದಿ ಹೂವನ್ನು ಬರೆದಿದ್ದರು. ಲಾಂಛನಗಳ ವಿಷಯದಲ್ಲಿ ಅಧಿಕಾರವಿದ್ದ ಹಿರಿಯರು ಅದು ಸರಿಯಲ್ಲವೆಂದು ತಿದ್ದಿ, ವೇಲ್ಸಿನ ಗುರುತು ಲೀಕ್ ಎಂದರು. ಲೀಕ್ ಎಂದರೆ ಈರುಳ್ಳಿಯ ಜಾತಿಗೆ ಸೇರಿದ, ದಪ್ಪ ಬಿಳಿಯ ಕಾಂಡದ, ಚಪ್ಪಟೆ ಎಲೆಯ ತರಕಾರಿ. ಸಾರಿಗೆ ಹಾಕುವ ತರಕಾರಿಯನ್ನು ರಾಣಿಯ ಲಂಗದ ಮೇಲೆ ಹೇಗೆ ತರುವುದೆಂದು ಅವರು ಕಂಗಾಲಾದರು. ಕೊನೆಗೆ ತೋಟದಿಂದ ಒಂದು ಲೀಕನ್ನು ಕಿತ್ತು ತರಿಸಿ, ಮುಂದಿಟ್ಟುಕೊಂಡು, ಅದರ ಎಲೆಗಳ ಬಾಗು ಬಳುಕನ್ನು ನೋಡಿ ಬರೆದರು. ಹಸಿರು ರೇಷ್ಮೆ ಮತ್ತು ಹೊಳೆಯುವ ಹರಳುಗಳಲ್ಲಿ ಅದು ಒಡವೆಯಾಗಿ ಬಂತು. ನಮ್ಮ ಸೀರೆಯ ಅಂಚಿನಲ್ಲಿರುವ ಮಾವಿನಕಾಯಿಯೂ ಒಂದಾನೊಂದು ಕಾಲದಲ್ಲಿ ಉಪ್ಪಿನಕಾಯಿಗೆ ಹಾಕುವ ಕಾಯಿಯೇ ಆಗಿತ್ತಲ್ಲವೇ? ಯಾರೋ ಒಬ್ಬ ನೇಕಾರ ಮೊದಲ ಸಲ ಅದರ ತುದಿಯನ್ನು ಬಾಗಿಸಿ ಬರೆದ ಮೇಲೆಯೇ ಅದು ಅಂಚಿಗೆ ಸಂದಿದ್ದು. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ಹಾದುಹೋಗುವಾಗಲೆಲ್ಲ ನನಗೆ ಆ ಹೆಸರಿಲ್ಲದ ನೇಕಾರ ನೆನಪಾಗುತ್ತಾನೆ, ಈಗ ಅವನ ಜೊತೆಗೆ ತೋಟದ ಲೀಕೂ ನೆನಪಾಗುತ್ತದೆ.

ಕೆನಡಾಕ್ಕೆ ಮೇಪಲ್ ಎಲೆ, ನ್ಯೂಜಿಲೆಂಡಿಗೆ ಬೆಳ್ಳಿ ಜರೀಗಿಡ, ಆಸ್ಟ್ರೇಲಿಯಾಕ್ಕೆ ವಾಟಲ್ ಹೂವು, ದಕ್ಷಿಣ ಆಫ್ರಿಕಕ್ಕೆ ಪ್ರೋಟಿಯಾ. ಪಾಕಿಸ್ತಾನಕ್ಕೆ ಗೋಧಿ, ಹತ್ತಿ ಮತ್ತು ಸೆಣಬು. ಹೂವಿಗೆ ಬದಲಾಗಿ ಬೆಳೆಗಳು ಬಂದ ಈ ಭಾಗ ನನಗೆ ತುಂಬ ಇಷ್ಟ, ಒಕ್ಕಲುತನದವರ ಮನೆಯವಳಾದ್ದರಿಂದ ಇರಬಹುದು. ಭಾರತಕ್ಕೆ ಕಮಲ. ಇಂದಿನ ಶ್ರೀಲಂಕಾ ಆದ ಸಿಲೋನಿಗೂ ಕಮಲವೇ ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ತೋರಿಸಬೇಕಾಗಿತ್ತು. ಹೂವು ಒಂದೇ ಆದಾಗ ವ್ಯತ್ಯಾಸವನ್ನು ಸಾಮಗ್ರಿಯಲ್ಲಿ ತಂದರು. ಭಾರತದ ಕಮಲದ ದಳಗಳಿಗೆ ಮುತ್ತಿನ ಚಿಪ್ಪು, ಸಣ್ಣ ಮುತ್ತು ಮತ್ತು ಹೊಳೆಯುವ ಹರಳು, ಸಿಲೋನಿನ ಕಮಲಕ್ಕೆ ಓಪಲ್ ಎಂಬ ಕ್ಷೀರಸ್ಫಟಿಕವನ್ನೂ ತಿಳಿಹಸಿರು ರೇಷ್ಮೆಯನ್ನೂ ಸೇರಿಸಿದರು.

ನಮ್ಮ ಕಮಲವನ್ನು ಆ ಉಡುಪಿನ ಮೇಲೆ ನೋಡಿದಾಗ ನನಗೆ ಸಂತೋಷ ಮತ್ತು ಕಸಿವಿಸಿ ಎರಡೂ ಆದವು. 1950ರ ಜನವರಿ 26ರಿಂದ ನಾವು ಗಣರಾಜ್ಯ, ಆ ರಾಣಿ ನಮಗೆ ರಾಣಿಯಲ್ಲ. ಆದರೆ 1949ರ ಲಂಡನ್ ಘೋಷಣೆಯ ಪ್ರಕಾರ ಗಣರಾಜ್ಯವಾದರೂ ಕಾಮನ್‌ವೆಲ್ತ್‌ನಲ್ಲಿ ಉಳಿದುಕೊಂಡಿದ್ದೆವು, ಪ್ರಧಾನಿ ನೆಹರೂ ಅವರು ಆ ಸಮಾರಂಭಕ್ಕೆ ಹೋಗಿಯೂ ಇದ್ದರು. ಆ ಹೂವು ಯಜಮಾನಿಕೆಯ ಗುರುತೋ ನೆಂಟಸ್ತಿಕೆಯ ಗುರುತೋ ಎಂದು ಕೇಳಿಕೊಂಡರೆ, ಚಿತ್ರ ಬರೆದಾಗ ಎರಡೂ ಬೆರೆತಿದ್ದವೆಂದೇ ನನಗೆ ತೋರುತ್ತದೆ. ಆ ಬೆರಕೆಯನ್ನು ಮರೆಮಾಚದೆ ನೋಡುವುದು ಒಳ್ಳೆಯದು.

ರಾಣಿಗೂ ತಿಳಿಸದೆ ಸೇರಿಸಿದ ಒಂದು ಸಣ್ಣ ಗುರುತೂ ಈ ಉಡುಪಿನಲ್ಲಿದೆ. ಐರ್ಲೆಂಡಿನ ಗುರುತಾದ ಶ್ಯಾಮ್‌ರಾಕ್ ಮೂರೆಲೆಯ ಗಿಡ. ಅದರಲ್ಲಿ ನಾಲ್ಕೆಲೆಯದು ಸಿಕ್ಕರೆ ಅದೃಷ್ಟವೆಂಬ ನಂಬಿಕೆ ಆ ಕಡೆ ಉಂಟು. ಹಾರ್ಟ್ನೆಲ್ ಲಂಗದ ಎಡಭಾಗದಲ್ಲಿ, ರಾಣಿಯ ಎಡಗೈ ಸಹಜವಾಗಿ ತಗಲುವ ಜಾಗದಲ್ಲಿ, ನಾಲ್ಕೆಲೆಯ ಒಂದೇ ಒಂದು ಶ್ಯಾಮ್‌ರಾಕನ್ನು ಕಸೂತಿ ಮಾಡಿಸಿದರು. ಅಷ್ಟು ದೊಡ್ಡ ಸಮಾರಂಭದ ಉಡುಪಿನಲ್ಲಿ ತೊಡುವವಳ ಕೈ ಎಲ್ಲಿ ಬೀಳುತ್ತದೆಂದು ಎಣಿಸಿದ್ದರಲ್ಲ, ದರ್ಜಿತನ ಎಂದರೆ ನನಗೆ ಅದು.

ಇನ್ನು ರೇಷ್ಮೆಯ ಮಾತು. ಇಲ್ಲಿ ನಾನು ಅಪ್ಪನನ್ನು ಕರೆಯಬೇಕಾಯಿತು. ನಮ್ಮದು ರೀಲರ್‌ಗಳ, ಅಂದರೆ ಗೂಡಿನಿಂದ ನೂಲು ತೆಗೆಯುವವರ ಮನೆ. ಹಿಂಭಾಗದಲ್ಲಿ ಅಪ್ಪನ ನೂಲು ತೆಗೆಯುವ ಸಣ್ಣ ಘಟಕ, ಫಿಲೇಚರ್ ಇದೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ, ರಾಶಿಯೊಳಗೆ ಕೈಯಿಟ್ಟು, ನಾಲ್ಕು ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ, ಹರಾಜಿನಲ್ಲಿ ಲಾಟು ಹಿಡಿದು ತರುವುದು ಅವರ ದಿನಚರಿ. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆಯ ತುದಿ ಹಿಡಿದು, ಏಳೆಂಟು ಗೂಡುಗಳ ಎಳೆಗಳನ್ನು ಒಂದಾಗಿಸಿ ಸುತ್ತಿದಾಗ ಒಂದು ನೂಲು. ಒಳ್ಳೆಯ ಬೈವೋಲ್ಟಿನ್ ತಳಿಯ ಗೂಡಿನಲ್ಲಿ ಒಂದೇ ಎಳೆ ಸಾವಿರ ಮೀಟರಿನವರೆಗೂ ತುಂಡಾಗದೆ ಬರುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕೆಂಬುದಕ್ಕೆ ನಮ್ಮವರು ರೆಂಡಿಟ್ಟಾ ಎನ್ನುತ್ತಾರೆ. ಅದು ಆರರ ಆಸುಪಾಸಿನಲ್ಲಿ ಬಂದ ದಿನ ಅಪ್ಪನ ಮುಖ ಅರಳಿರುತ್ತದೆ, ಎಂಟು ದಾಟಿದರೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ.

ಅಪ್ಪ ಚಿತ್ರವನ್ನು ನೋಡಿ, “ಬಿಳೀ ಸ್ಯಾಟಿನ್ನಾ? ಅದಕ್ಕೆ ನೂಲು ಬಲು ಚೊಕ್ಕಟವಾಗಿರಬೇಕಮ್ಮ, ಒಂದು ಗಂಟಿದ್ದರೂ ಮುಖಕ್ಕೆ ಹೊಡೆದ ಹಾಗೆ ಕಾಣುತ್ತೆ” ಎಂದರು. ಸ್ಯಾಟಿನ್ ನೇಯ್ಗೆಯಲ್ಲಿ ಉದ್ದದ ಹಾಸಿನ ಎಳೆ ಅಡ್ಡದ ಹೊಕ್ಕಿನ ನಾಲ್ಕಾರು ಎಳೆಗಳ ಮೇಲೆ ಒಮ್ಮೆಗೇ ತೇಲಿ ಹೋಗಿ ಆಮೇಲೆ ಒಂದರ ಅಡಿ ನುಸುಳುತ್ತದೆ. ಹಾಗೆ ಉದ್ದುದ್ದ ತೇಲಿದ ಎಳೆಗಳ ಮೇಲೆ ಬೆಳಕು ಬಿದ್ದು ಬಟ್ಟೆ ಹೊಳೆಯುತ್ತದೆ. ಸಾದಾ ನೇಯ್ಗೆಯಲ್ಲಿ ಮೇಲೆ ಕೆಳಗೆ ಹೆಣೆದುಕೊಂಡು ಅಡಗಿಹೋಗುವ ದೋಷಗಳಿಗೆ ಇಲ್ಲಿ ಮರೆ ಸಿಗುವುದಿಲ್ಲ. ಚಿತ್ರದ ಬಿಳಿಯ ಜಾಗ ನಮಗೆ ಖಾಲಿಯಾಗಿ ಕಂಡರೂ ಅಪ್ಪನಿಗೆ ಅದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಕಂಡಿತ್ತು.

ಆ ರೇಷ್ಮೆ ಎಲ್ಲಿಯದು ಎಂಬುದನ್ನು ಓದಿ ಹೇಳಿದಾಗ ಅಪ್ಪ ಇನ್ನಷ್ಟು ಹತ್ತಿರ ಬಂದು ಕುಳಿತರು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಲಲ್ಲಿಂಗ್‌ಸ್ಟನ್ ಎಂಬ ಕೋಟೆಮನೆಯಲ್ಲಿ ಲೇಡಿ ಜೋ ಹಾರ್ಟ್ ಡೈಕ್ ಎಂಬಾಕೆ 1930ರ ದಶಕದಲ್ಲಿ ರೇಷ್ಮೆ ಹುಳು ಸಾಕಣೆ ಶುರುಮಾಡಿದ್ದರು, ಕಿರೀಟಧಾರಣೆಯ ಉಡುಪಿನ ರೇಷ್ಮೆ ಅಲ್ಲಿಂದ ಬಂದದ್ದು. ಚಳಿಗಾಲದಲ್ಲಿ ಹಿಪ್ಪುನೇರಳೆ ಎಲೆಯನ್ನೆಲ್ಲ ಉದುರಿಸಿ ಬರಿದಾಗುವ ಆ ನಾಡಿನಲ್ಲಿ ವರ್ಷವಿಡೀ ಹುಳು ಮೇಯಿಸುವ ಮಾತೇ ಇಲ್ಲ. ನಮ್ಮಲ್ಲಿ ಕೊಳವೆಬಾವಿಯಲ್ಲಿ ನೀರಿರುವ ರೈತರು ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತಾರೆ. ಚಾಕಿ ಎನ್ನುವ ಎಳೆಯ ಹುಳು ತಂದು, ಪೊರೆ ಕಳಚುವ ನಾಲ್ಕು ಹಂತಗಳಾದ ‘ಜ್ವರ’ಗಳಲ್ಲಿ ಉಳಿದವನ್ನು ದಾಟಿಸಿ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ಮನೆಮಂದಿಗೆ ರಾತ್ರಿ ನಿದ್ದೆಯಿಲ್ಲ. “ಅಲ್ಲಿಯ ಹುಳಕ್ಕೂ ನಾಲ್ಕೇ ಜ್ವರ ತಾನೇ?” ಎಂದು ಅಪ್ಪ ಕೇಳಿದರು. ಹೌದು, ಸಾಮಾನ್ಯವಾಗಿ ಹುಳುವಿಗೆ ಎಲ್ಲಿಯೂ ನಾಲ್ಕೇ ಜ್ವರ.

ಕಿರೀಟಧಾರಣೆಗೆ ಐದೂವರೆ ವರ್ಷ ಮೊದಲು, 1947ರ ನವೆಂಬರಿನಲ್ಲಿ ನಡೆದ ಅದೇ ರಾಣಿಯ, ಆಗ ರಾಜಕುಮಾರಿಯ, ಮದುವೆಗೂ ಉಡುಪು ಬರೆದವರು ಹಾರ್ಟ್ನೆಲ್ಲೇ. ಆಗ ಇಂಗ್ಲೆಂಡಿನಲ್ಲಿ ಬಟ್ಟೆಗೆ ರೇಷನ್ ಇತ್ತು. 1941ರ ಜೂನ್‌ನಲ್ಲಿ ಶುರುವಾದ ಆ ಕೂಪನ್ ಪದ್ಧತಿ ಮುಗಿದದ್ದು 1949ರ ಮಾರ್ಚಿನಲ್ಲಿ. ರಾಜಕುಮಾರಿಯೂ ಕೂಪನ್ ಕೊಟ್ಟೇ ಬಟ್ಟೆ ಕೊಳ್ಳಬೇಕಾಗಿತ್ತು. ಊರೂರಿನ ಹೆಣ್ಣುಮಕ್ಕಳು ತಮ್ಮ ಕೂಪನ್ನುಗಳನ್ನು ಅಂಚೆಯಲ್ಲಿ ಕಳಿಸಿದರು. ಒಬ್ಬರ ಕೂಪನ್ ಇನ್ನೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವಾದ್ದರಿಂದ ಅವನ್ನೆಲ್ಲ ಹಿಂದಕ್ಕೆ ಕಳಿಸಬೇಕಾಯಿತು. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಆ ಸ್ಯಾಟಿನ್ ನೇಯುವ ಹೊತ್ತಿಗೆ, ರೇಷ್ಮೆ ಹುಳು ಯಾವ ದೇಶದ್ದು ಎಂಬ ಪ್ರಶ್ನೆಯೂ ಎದ್ದಿತು. ಯುದ್ಧ ಮುಗಿದು ಎರಡೇ ವರ್ಷವಾಗಿತ್ತು, ಹುಳು ಜಪಾನಿನದ್ದೋ ಇಟಲಿಯದ್ದೋ ಆಗಿದ್ದರೆ ಅದು ಶತ್ರುವಿನ ಹುಳು. ಚೀನಾದ ಹುಳುಗಳೆಂದು ಹಾರ್ಟ್ನೆಲ್ ಸಮಾಧಾನ ಹೇಳಬೇಕಾಯಿತು.

ಅದೇ ಯುದ್ಧದ ಕಾಲದಲ್ಲಿ ಜಪಾನಿನ ರೇಷ್ಮೆ ಬರುವುದು ನಿಂತುಹೋದಾಗ ಪ್ಯಾರಾಚೂಟ್ ಬಟ್ಟೆಗೆಂದು ಮೈಸೂರು ಸಂಸ್ಥಾನದ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಆಗ ನಾವಿದ್ದದ್ದು ಅದೇ ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿ, ಈಗ ನಾವಿರುವ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಯುದ್ಧ ಮುಗಿದ ಮೇಲೆ ಆ ಬೇಡಿಕೆ ಕುಸಿದು ಉದ್ಯಮ ತತ್ತರಿಸಿತು, 1948ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಾಯಿದೆ ಬಂತು. ಇಂಗ್ಲೆಂಡಿನಲ್ಲಿ ಯುದ್ಧಕಾಲದ ಮದುಮಗಳುಗಳು ಪ್ಯಾರಾಚೂಟಿನ ರೇಷ್ಮೆಯನ್ನು ಕತ್ತರಿಸಿ ಮದುವೆಯ ಉಡುಪು ಹೊಲಿಸಿಕೊಂಡರು ಎಂದು ಓದಿದಾಗಲೆಲ್ಲ, ಆ ಎಳೆಗಳಲ್ಲಿ ಕೆಲವಾದರೂ ನಮ್ಮ ಬೀದಿಯ ಚರಕದಿಂದ ಹೊರಟವು ಇದ್ದಿರಬಹುದೇ ಎಂದು ಯೋಚಿಸುತ್ತೇನೆ.

1961ರ ಫೆಬ್ರವರಿಯಲ್ಲಿ ರಾಣಿ ಬೆಂಗಳೂರಿಗೆ ಬಂದಾಗ ನಂದಿಬೆಟ್ಟಕ್ಕೂ ಬಂದಿದ್ದರು. ನನ್ನ ಅಜ್ಜಿಯ ತವರು ಆ ದಾರಿಯ ಪಕ್ಕದ ಹಳ್ಳಿ. ಊರಿಗೆ ಊರೇ ರಸ್ತೆಯ ಬದಿಯಲ್ಲಿ ನಿಂತಿತ್ತಂತೆ. ಕಾರುಗಳ ಸಾಲು ಸರ್ರನೆ ಹಾದುಹೋಯಿತು, ಆಮೇಲೆ ಧೂಳು ಕಂಡಿತು ಎಂದಷ್ಟೇ ಅಜ್ಜಿ ಹೇಳುತ್ತಿದ್ದಳು. ಆ ಹಳ್ಳಿಯಲ್ಲೂ ಆಗ ಮನೆಮನೆಯಲ್ಲಿ ಹುಳು ಮೇಯುತ್ತಿತ್ತು.

ಜಲವರ್ಣದ ಇಂಥ ಚಿತ್ರಗಳನ್ನು ಸಂಗ್ರಹಾಲಯದವರು ಹೇಗೆ ಕಾಪಾಡುತ್ತಾರೆಂದು ಓದುತ್ತ ಹೋದಂತೆ ನನ್ನ ಸಂತೋಷಕ್ಕೆ ಒಂದು ನೋವು ಸೇರಿಕೊಂಡಿತು. ಕಾಗದದ ಮೇಲಿನ ಬಣ್ಣಕ್ಕೂ ರೇಷ್ಮೆಗೂ ಬೆಳಕೇ ದೊಡ್ಡ ಶತ್ರು. ಆದ್ದರಿಂದ ಪ್ರದರ್ಶನದ ಕೋಣೆಯಲ್ಲಿ ಅವುಗಳ ಮೇಲೆ ಬೀಳುವ ಬೆಳಕು ಸುಮಾರು 50 ಲಕ್ಸ್ ಮೀರದಂತೆ ನೋಡಿಕೊಳ್ಳುತ್ತಾರೆ. ಒಂದು ಮೇಣದ ಬತ್ತಿ ಒಂದು ಮೀಟರ್ ದೂರದಲ್ಲಿ ಬೀರುವ ಬೆಳಕು ಸುಮಾರು ಒಂದು ಲಕ್ಸ್, ನಮ್ಮ ಅಂಗಡಿಯ ಮುಂದೆ ನಡುಹಗಲಲ್ಲಿ ಬೀಳುವ ಬಿಸಿಲು ಲಕ್ಷದ ಹತ್ತಿರ. ಕೆಲವು ತಿಂಗಳು ತೋರಿಸಿದ ಮೇಲೆ ಚಿತ್ರವನ್ನು ಮತ್ತೆ ಕತ್ತಲಿಗೆ ಒಯ್ದು, ಆಮ್ಲವಿಲ್ಲದ ಕಾಗದದ ನಡುವೆ ಮಲಗಿಸಿ ವರ್ಷಗಟ್ಟಲೆ ವಿಶ್ರಾಂತಿ ಕೊಡುತ್ತಾರೆ. ಕಬ್ಬಿಣದ ಗುಂಡುಸೂಜಿ ಚುಚ್ಚಿದ್ದರೆ ತೆಗೆದುಬಿಡುತ್ತಾರೆ, ತುಕ್ಕು ಬಟ್ಟೆಯನ್ನೂ ಕಾಗದವನ್ನೂ ತಿನ್ನುತ್ತದೆ ಎಂದು.

ನೋವು ಏಕೆಂದರೆ, ನಮ್ಮ ಮನೆಯಲ್ಲೂ ಇಂಥ ಕಾಗದಗಳಿದ್ದವು. ಅಮ್ಮ ಅಂಗಡಿ ತೆರೆದ ವರ್ಷದಿಂದ ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಅಳತೆ ಬರೆದಿಡುತ್ತಿದ್ದಳು. ಪುಟಕ್ಕೆ ಒಬ್ಬರು. ಮೇಲೆ ಹೆಸರು, ಅದರ ಕೆಳಗೆ ಉದ್ದ, ಎದೆ, ಸೊಂಟ, ಭುಜ, ತೋಳು, ಕಂಕುಳು, ಪಕ್ಕದಲ್ಲಿ ಮುಂದಿನ ಕತ್ತು ಮತ್ತು ಬೆನ್ನಿನ ಚಿತ್ರ, ಮೂಲೆಯಲ್ಲಿ ಗುಂಡುಸೂಜಿಯಿಂದ ಚುಚ್ಚಿದ ರವಿಕೆ ಬಟ್ಟೆಯ ತುಣುಕು. ಒಂದು ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ಹನ್ನೊಂದು ಪುಸ್ತಕಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದವಳು ನಾನೇ. ಅಮ್ಮ ಏನೂ ಅನ್ನಲಿಲ್ಲ, ‘ಹಳೇದು ತಾನೇ’ ಎಂದಳು. ಹಳೆಯದು ಎಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಒಂದು ಊರಿನ ಹೆಣ್ಣುಮಕ್ಕಳು ಇಪ್ಪತ್ತು ವರ್ಷ ಏನು ತೊಟ್ಟರು, ತೋಳು ಯಾವಾಗ ಮೊಣಕೈಗೆ ಇಳಿಯಿತು, ಯಾವಾಗ ಮತ್ತೆ ಮೇಲಕ್ಕೆ ಹೋಯಿತು, ಬೆನ್ನಿನ ಕತ್ತು ಯಾವ ವರ್ಷ ಆಳವಾಯಿತು, ಯಾರ ಮನೆಯಲ್ಲಿ ಮದುವೆಗೆ ರೇಷ್ಮೆ, ಯಾರ ಮನೆಯಲ್ಲಿ ಪಾಲಿಯೆಸ್ಟರ್, ಇವೆಲ್ಲ ಆ ಹನ್ನೊಂದು ಪುಸ್ತಕಗಳಲ್ಲಿದ್ದವು. ರಾಣಿಯ ಉಡುಪಿನ ಚಿತ್ರಕ್ಕೆ ಕತ್ತಲೆ ಕೋಣೆಯೂ ಕಾವಲೂ ಇದ್ದರೆ ಇವಕ್ಕೆ ತಕ್ಕಡಿ ಸಿಕ್ಕಿತು. ಇದನ್ನು ಓದುತ್ತಿರುವ ದರ್ಜಿಗಳ ಮನೆಯವರು ನಿಮ್ಮ ಅಟ್ಟವನ್ನು ಒಮ್ಮೆ ನೋಡಿ. ದಯವಿಟ್ಟು ಯಾವುದನ್ನೂ ತೂಕಕ್ಕೆ ಹಾಕಬೇಡಿ.

ಮಿಷನ್ನಿನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಸಿಕ್ಕಿಕೊಂಡಿದ್ದರಿಂದ ಮೂರು ಪುಸ್ತಕಗಳು ಉಳಿದಿವೆ. ಈ ಆಷಾಢವಿಡೀ ನಾನು ಅವುಗಳ ಜೊತೆ ಕುಳಿತೆ. 1991ರ ಒಂದು ಪುಟದಲ್ಲಿ ನೇರಳೆ ಬಣ್ಣದ ರೇಷ್ಮೆ ತುಣುಕಿತ್ತು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಸೂಜಿಯ ಸುತ್ತ ಕಂದು ಬಣ್ಣದ ಉಂಗುರ ಕಟ್ಟಿಕೊಂಡು, ಮಡಿಕೆಯಲ್ಲಿ ಬಟ್ಟೆ ಸೀಳಿತ್ತು. ಸೂಜಿಯನ್ನು ಎಳೆದರೆ ಹರಿದುಹೋದೀತೆಂದು ತುದಿಗೆ ಒಂದು ಹನಿ ಎಣ್ಣೆಯನ್ನೂ ಹಾಕದೆ, ಬರೀ ಉಗುರಿನಿಂದ ತಿರುಗಿಸಿ ತಿರುಗಿಸಿ ಬಿಡಿಸಿದೆ. ಅದೇ ಜಾಗದಲ್ಲಿ ಬಿಳಿ ಹತ್ತಿ ದಾರದಿಂದ ಸಡಿಲವಾಗಿ ಎರಡು ಹೊಲಿಗೆ ಹಾಕಿ ತುಣುಕನ್ನು ಮತ್ತೆ ಪುಟಕ್ಕೆ ಸೇರಿಸಿದೆ. ಪ್ರತಿ ಎರಡು ಪುಟದ ನಡುವೆ ಒಂದು ತೆಳುಕಾಗದ ಇಟ್ಟು, ಮೂರೂ ಪುಸ್ತಕಗಳನ್ನು ಒಗೆದ ಬಿಳಿ ಪಂಚೆಯಲ್ಲಿ ಸುತ್ತುತ್ತಿದ್ದೇನೆ.

ಆ ನೇರಳೆ ತುಣುಕಿನ ಪುಟದಲ್ಲಿ ಅಮ್ಮ ಬರೆದ ಬೆನ್ನಿನ ಚಿತ್ರದ ಎಡಭುಜದ ಮೇಲೆ ಒಂದು ಸಣ್ಣ ಚುಕ್ಕೆಯಿತ್ತು. ಪೆನ್ನಿನ ಮಸಿ ತಾಗಿದ್ದಿರಬೇಕೆಂದು ಮೊದಲು ಅಂದುಕೊಂಡೆ. ಮುಂದಿನ ಪುಟಗಳಲ್ಲಿ ಇನ್ನೂ ಕೆಲವಕ್ಕೆ ಅಂಥ ಚುಕ್ಕೆಗಳು ಕಂಡವು, ಒಂದಕ್ಕೆ ಸೊಂಟದ ಬಳಿ, ಒಂದಕ್ಕೆ ಎದೆಯ ಬಲಗಡೆ. ಅಮ್ಮನನ್ನು ಕೇಳಿದೆ.

ಅವಳು ತಕ್ಷಣ ಹೇಳಲಿಲ್ಲ. ಆ ಹೆಂಗಸು ಬಂದು ನಿಂತ ಜಾಗವನ್ನು ನೋಡುವವಳಂತೆ ಬಾಗಿಲಿನ ಕಡೆ ನೋಡಿದಳು.

“ಅವಳಿಗೆ ಎಡಭುಜ ಅರ್ಧ ಇಂಚು ಇಳಿದಿತ್ತು ಕಣೇ. ಚಿಕ್ಕಂದಿನಿಂದ ದೂರದಿಂದ ನೀರು ಹೊತ್ತೂ ಹೊತ್ತೂ ಹಾಗಾಗಿತ್ತು. ಪುಸ್ತಕದಲ್ಲಿ ಬರೆದರೆ ಯಾರಾದರೂ ಓದುತ್ತಾರೆ, ಅವಳೇ ನೋಡಿದರೆ ನೊಂದುಕೊಳ್ಳುತ್ತಾಳೆ. ಅದಕ್ಕೆ ಚುಕ್ಕೆ. ಒಳಗೆ ಎರಡು ಪದರ ಪಟ್ಟಿ ಕೊಟ್ಟು ಹೊಲಿದುಕೊಟ್ಟೆ. ಮದುವೆ ಮಂಟಪದಲ್ಲಿ ಎರಡೂ ಭುಜ ಸಮ ಕಂಡವು.”

“ಅವರಿಗೆ ಗೊತ್ತಾಯಿತಾ?”

“ಗೊತ್ತಾಗಬಾರದು ಅಂತ ತಾನೇ ಮಾಡಿದ್ದು” ಎಂದಳು ಅಮ್ಮ. ಆಮೇಲೆ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಬೆರಳನ್ನು ಮುಂದಿನ ಚುಕ್ಕೆಯ ಮೇಲಿಟ್ಟಳು. ನಾನು ಪೆನ್ಸಿಲು ತೆಗೆದುಕೊಂಡೆ.